ಕಾಲಿಗೆ ಬಂತೋ, ಕಿವಿಗೆ ಬಂತೋ

ನೆಲ ನಡುಗಿದಾಗ ಕೆಲವರು ದೇವರನ್ನು ಕರೆಯುತ್ತಾರೆ, ಕೆಲವರು ಮಕ್ಕಳನ್ನು ಕರೆಯುತ್ತಾರೆ. ನನ್ನಂಥವರು ಯಾರನ್ನೂ ಕರೆಯದೆ ಬಾಗಿಲ ಕಡೆ ಓಡುತ್ತೇವೆ. ಪಕ್ಕದ ಮನೆಯ ಅಕ್ಕ ಮಾತ್ರ ಕೂತಲ್ಲೇ ಕತ್ತನ್ನು ಸ್ವಲ್ಪ ವಾಲಿಸಿ, ಬಲಗೈಯನ್ನು ಕಿವಿಯ ಹತ್ತಿರ ತಂದು, "ಹಲೋ, ಯಾರು?" ಅನ್ನುತ್ತಿದ್ದರು. ಅಟ್ಟದ ಮೇಲಿನ ಪಾತ್ರೆಗಳ ಸದ್ದು ಪೂರ್ತಿ ಅಡಗುವ ತನಕ ಹಾಗೇ ಇದ್ದು, ಆಮೇಲೆ "ಕಟ್ ಆತ್" ಎಂದು ಕೈ ಇಳಿಸಿ, ನಿಲ್ಲಿಸಿದ್ದ ಕೆಲಸಕ್ಕೆ ಮರಳುತ್ತಿದ್ದರು. ಕೆಲಸವೆಂದರೆ ದೊಡ್ಡದೇನಲ್ಲ. ಕಾಳುಮೆಣಸು ಆರಿಸುವುದು, ಬೆಕ್ಕನ್ನು ಬೈಯುವುದು, ಇಲ್ಲವೇ ತಮ್ಮನ ಅಂಗಿಗೆ ಗುಂಡಿ ಹಾಕುವುದು.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಿಯಾದವರು ಅವರು. ಊರಿಗೆಲ್ಲ "ಎಕ್ಸ್‌ಚೇಂಜ್ ಅಕ್ಕ". ಕೇಳಿದವರ ನಂಬರಿಗೆ ಕೈಯಾರೆ ವಯರು ಚುಚ್ಚಿ ಲೈನು ಕೊಡುತ್ತಿದ್ದ ಕಾಲದಲ್ಲಿ, ಕೇರಳ ಗಡಿಯ ಕುಟ್ಟದಿಂದ ಉತ್ತರದ ತುದಿಯ ಕೊಡ್ಲಿಪೇಟೆಯವರೆಗೆ ಫೋನಿದ್ದ ಮನೆಯವರೆಲ್ಲ ಅವರ ದನಿ ಬಲ್ಲವರೇ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಯಾವಾಗ್ಲೂ ಎಂಗೇಜ್ ಇದ್ದೆ" ಎನ್ನುತ್ತಿದ್ದರು. ಕೊಡಗಿನ ಪಶ್ಚಿಮದ ಆ ಹಳ್ಳಿಯಲ್ಲಿ ತಮ್ಮನ ಮನೆಯಲ್ಲಿದ್ದರು. ಅಲ್ಲಿನ ಸರ್ಕಾರಿ ಶಾಲೆಗೆ ಟೀಚರಾಗಿ ಬಂದ ನಾನು ಅದೇ ಮನೆಯ ಪಕ್ಕದ ಎರಡು ಕೋಣೆಗೆ ಬಾಡಿಗೆಗೆ ಬಂದೆ.

ಮೊದಲ ದಿನವೇ ನನ್ನ ಊರು ಕೇಳಿದರು. ಕೊಡ್ಲಿಪೇಟೆ ಅಂದೆ. ಅವರ ಮುಖ ಅರಳಿತು.

"ಕೊಡ್ಲಿಪೇಟೆಯವು ಫೋನ್ ಇಡುವ ಮೊದ್ಲು 'ಇಡ್ಲಾ? ಇಡ್ಲಾ?' ಅಂತ ಕೇಳ್ತಾನೇ ಇದ್ದೊ. ಇಡ್ತಾ ಇರ್ಲಿಲ್ಲೆ. ಕುಟ್ಟದವು ಹಂಗಲ್ಲ, ಮಾತು ಮುಗಿಯುವ ಮೊದ್ಲೇ ಟಕ್ ಅಂತ ಇಡುದು. ಕೇರಳದ ಬಸ್ಸಿಗೆ ಹೊತ್ತಾಗಿರ್ತಿತ್ತೋ ಏನೋ." ಅವರ ಮನೆಮಾತು ಅರೆಭಾಷೆ, ಅದರಲ್ಲಿ 'ಉಂಟು' ಅನ್ನುವುದು 'ಉಟ್ಟು'. ನನ್ನ ಜೊತೆ ಮಾತಾಡುವಾಗ ಅದಕ್ಕೆ ನನ್ನ ಕನ್ನಡವನ್ನು, ಎಕ್ಸ್‌ಚೇಂಜಿನ ಇಂಗ್ಲಿಷನ್ನು ಬೆರೆಸಿ ಒಂದು ಹದ ಮಾಡಿಕೊಂಡಿದ್ದರು.

ನಾನು ಅಲ್ಲಿಗೆ ಬಂದದ್ದು ಗುಡ್ಡಗಳು ಕುಸಿದ ಆ ಮಳೆಗಾಲ ಕಳೆದು ಕೆಲವು ವರ್ಷಗಳಾದ ಮೇಲೆ. ಆದರೂ ಊರಿನವರ ಮಾತಿನಲ್ಲಿ ಆ ಮಳೆ ಇನ್ನೂ ನಿಂತಿರಲಿಲ್ಲ. ಯಾವ ಮಾತು ತೆಗೆದರೂ "ಗುಡ್ಡ ಹೋದ ವರ್ಷ" ಎಂದೇ ಲೆಕ್ಕ. ನಾನು ಬಂದ ಮರುವರ್ಷ ಇನ್ನೊಂದು ಶುರುವಾಯಿತು. ಮುಂಗಾರು ಹಿಡಿಯುವ ಹೊತ್ತಿಗೆ ನೆಲದೊಳಗಿಂದ ಸದ್ದು. ಮೊದಲು ದೂರದ ಗುಡುಗಿನ ಹಾಗೆ ಗುಡುಗುಡು, ಹಿಂದೆಯೇ ಪಾತ್ರೆಗಳ ಕಿಣಿಕಿಣಿ, ಹೆಂಚಿನಿಂದ ಒಂದಿಷ್ಟು ದೂಳು. ನೋಡುವಷ್ಟರಲ್ಲಿ ಮುಗಿದಿರುತ್ತಿತ್ತು. ಮಧ್ಯಾಹ್ನಗಳಲ್ಲಿ ಮಂಜು ಕಾಫಿ ತೋಟ ಹತ್ತಿ ಬಂದು ಕಿಟಕಿಯೊಳಗೇ ಇಳಿಯುವ ದಿನಗಳವು. ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ತಿಳಿಯುತ್ತಿರಲಿಲ್ಲ. ಸುಮ್ಮನೆ ಒರಗಿದ್ದವಳಿಗೆ, ಈಗ ಅಲುಗಿದ್ದು ಮಂಚವೋ ಕನಸೋ ಎಂದೇ ಅನುಮಾನ. ಎದ್ದು ಹೊರಗೆ ಬಂದರೆ ಬಿಳಿಯ ಮಂಜಿನಲ್ಲಿ ಬರೀ ದನಿಗಳು, ಆಚೆ ಮನೆಯವರು ಈಚೆ ಮನೆಯವರನ್ನು "ಆತಾ? ನಿಮ್ಮಲ್ಲೂ ಆತಾ?" ಎಂದು ಕೇಳುತ್ತಿದ್ದರು.

ನಾನು ಹೆದರುಪುಕ್ಕಲಿ. ಅದನ್ನು ಮುಚ್ಚಿಡುವುದಿಲ್ಲ. ನನ್ನ ಗಂಡ ಪೊನ್ನಂಪೇಟೆಯ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಾರೆ, ಶನಿವಾರ ಬರುತ್ತಾರೆ. ಅವರು ಫೋನಿನಲ್ಲಿ ಒಂದೇ ಪಾಠ ಒಪ್ಪಿಸುತ್ತಿದ್ದರು, "ಅಲ್ಯಾಕೆ ಕೂತ್ಕಂಡ್ ಸಾಯ್ತೀಯ, ವರ್ಗ ಮಾಡಿಸ್ಕಂಡ್ ಇತ್ಲಾಗ್ ಬಾ." ಮನಸ್ಸಂತೂ ಮೂಟೆ ಕಟ್ಟಿ ಆಗಿತ್ತು. ಆದರೆ ಶಾಲೆಗೆ ನಾನೊಬ್ಬಳೇ ಟೀಚರು. ನಾನು ಹೊರಟರೆ ಆ ಮೂಲೆಗೆ ಇನ್ನೊಬ್ಬರು ಬರುವುದು ದೂರದ ಮಾತು. ಶಾಲೆಗೆ ಬೀಗ ಬೀಳುತ್ತದೆ, ಆ ಪುಟ್ಟ ಮಕ್ಕಳು ಮೇಲಿನ ಊರಿನ ಶಾಲೆಗೆ ನಡೆಯಬೇಕು. ಅಲ್ಲಿಗೆ ಹೋಗುವ ದಾರಿ ಗುಡ್ಡವನ್ನು ಕಡಿದು ಮಾಡಿದ ರಸ್ತೆ. ಮಳೆಗಾಲದಲ್ಲಿ ಅದರ ಕೆಳಗೆ ದೊಡ್ಡವರೇ ಉಸಿರು ಬಿಗಿಹಿಡಿದು ಹಾದುಹೋಗುತ್ತಾರೆ. ಇರಲೋ ಹೋಗಲೋ ಎಂಬುದು ಆ ವರ್ಷವೆಲ್ಲ ನನ್ನ ತಲೆಯೊಳಗೆ ಕೂತೇ ಇತ್ತು.

ಪ್ರತಿ ಸಲ ನಡುಗಿದಾಗಲೂ ಅಂಗಳಕ್ಕೆ ಓಡಿ, ಅಲ್ಲಿಂದ ಅವರ ಜಗಲಿಗೆ ಬರುತ್ತಿದ್ದೆ. ಅವರು ಕೈ ಇಳಿಸುವುದನ್ನೇ ಕಾಯುತ್ತಿದ್ದೆ.

"ಏನ್ ಅಂತು ಅಕ್ಕ?"

"ಎಂತ ಇಲ್ಲೆ ಟೀಚರೇ. ಭೂಮಿಗೆ ಮಲಗಿ ಮಲಗಿ ಬೇಜಾರಾತ್ ಗಡ, ಮಗ್ಗುಲು ಬದಲ್ಸಿತಂತೆ. ನೀವು ಕಾಪಿ ಕುಡೀರಿ."

ಒಮ್ಮೊಮ್ಮೆ "ನಮ್ಮ ನಂಬರಲ್ಲ, ರಾಂಗ್ ನಂಬರ್" ಅನ್ನುತ್ತಿದ್ದರು. ನಗು ಬರುತ್ತಿತ್ತು. ನಗು ಬಂದಮೇಲೆ ಸ್ವಲ್ಪ ಹೊತ್ತು ಹೆದರಿಕೆ ಇರುತ್ತಿರಲಿಲ್ಲ. ಕಾಫಿಗೆ ಅವರು ಬೆಲ್ಲ ಜಾಸ್ತಿ ಹಾಕುತ್ತಿದ್ದರು.

ಅವರ ಸಾವಿಗೆ ಜನ ಬಂದ ಕತೆಯನ್ನು ಹೇಳಲೇಬೇಕು. ಅವರು ಆಗ ಬದುಕಿದ್ದರು. ನಮ್ಮ ಕಡೆ ಕೋವಿ ಇಟ್ಟುಕೊಂಡ ಮನೆಗಳಲ್ಲಿ ಯಾರಾದರೂ ತೀರಿಹೋದರೆ ಎರಡು ಗುಂಡು ಹಾರಿಸುವ ರೂಢಿ. ಒಂದರ ಹಿಂದೆ ಒಂದು. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು, ಸದ್ದು ಬಂದ ದಿಕ್ಕು ನೋಡಿ ಹೊರಡುತ್ತಾರೆ. ಆ ಆಷಾಢದಲ್ಲಿ ಅಕ್ಕನಿಗೆ ವಿಪರೀತ ಜ್ವರ. ಹಾಸಿಗೆ ಹಿಡಿದಿದ್ದಾರೆ ಎಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಒಂದು ಮಧ್ಯಾಹ್ನ ಮಂಜಿನೊಳಗಿಂದ ಢಂ, ಢಂ ಎಂದು ಎರಡು ಸದ್ದು ಬಂದವು. ನಾನು ಎಂದಿನ ಹಾಗೆ ಅಂಗಳಕ್ಕೆ ಓಡಿದೆ. ಎದುರು ಗುಡ್ಡದವರಿಗೆ ಅದು ನಮ್ಮ ಮನೆಯ ಕಡೆಯಿಂದಲೇ ಬಂದಂತೆ ಕೇಳಿತಂತೆ.

ಸ್ವಲ್ಪ ಹೊತ್ತಿಗೆ ಕೊಡೆಗಳು ಬರತೊಡಗಿದವು. ಮಂಜಿನಲ್ಲಿ ಮೊದಲು ಕೊಡೆ, ಆಮೇಲೆ ಬಿಳಿ ಪಂಚೆ, ಆಮೇಲೆ ಮುಖ. ಗೇಟಿನ ಹತ್ತಿರವೇ ಒಬ್ಬ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಅಳು ಶುರುಮಾಡಿದಳು. ಅಳುವ ಸದ್ದು ಕೇಳಿ ಅಕ್ಕ ಕಂಬಳಿ ಹೊದ್ದು ಒಳಗಿನಿಂದ ಜಗಲಿಗೆ ಬಂದರು. ಎಲ್ಲರನ್ನೂ ನೋಡಿದರು.

"ಅಯ್ಯೋ, ಯಾರು ಹೋದ್ದ್?" ಎಂದು ಅವರೂ ಕಣ್ಣಲ್ಲಿ ನೀರು ತಂದುಕೊಂಡು ಕೇಳಿದರು.

ಅಳುತ್ತಿದ್ದವಳು ಅಳುವುದನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಇನ್ನೂ ಸ್ವಲ್ಪ ಅತ್ತಳು. ಅಷ್ಟರಲ್ಲಿ ಅವರ ತಮ್ಮ ಕೊಟ್ಟಿಗೆಯಿಂದ ಬಂದರು. ವಿಷಯ ಕೇಳಿ, "ಗುಂಡು ನಾವು ಹೊಡ್ದದ್ ಅಲ್ಲ ಮಾರಾಯ್ರೆ, ಕೋವಿ ಗೋಡೆಲೇ ಉಟ್ಟು" ಅಂದರು. ಹಾಗಾದರೆ ಹೊಡೆದವರು ಯಾರು ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಒಟ್ಟಿಗೆ ಕಾಲ ಕೆಳಗೆ ನೋಡಿದರು. ಅಕ್ಕ ಮಾತ್ರ ಕಂಬಳಿಯೊಳಗೆ ಮೈ ಕುಲುಕಿ ನಗುತ್ತಿದ್ದರು.

"ಬಂದದ್ದ್ ಬಂದಿದ್ದೀರಿ, ಕೂರಿ" ಎಂದು ಬಂದವರಿಗೆಲ್ಲ ಕಾಫಿ ಮಾಡಿಸಿದರು. ಆಮೇಲೆ ಒಂದು ಪಟ್ಟು ಹಿಡಿದರು. "ನಾನು ಸತ್ತೆ ಅಂತ ಬಂದಿರಲ್ಲ, ದಾರಿಲಿ ನನ್ನ ಬಗ್ಗೆ ಎಂತ ಒಳ್ಳೆದು ಮಾತಾಡ್ಕೊಂಡ್ ಬಂದಿರಿ, ಅದನ್ನ ಹೇಳಿ ಹೋಗಿ. ಆಮೇಲೆ ನಂಗೆ ಕೇಳಿಕೆ ಆಗ್ತದಾ?"

ಜನ ನಾಚಿಕೊಂಡರು. ಒತ್ತಾಯ ಮಾಡಿದ ಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಒಬ್ಬನಿಗೆ ಇವರು ಮಡಿಕೇರಿಯ ಡಾಕ್ಟರನ್ನು ಲೈನಿನಲ್ಲಿ ಹುಡುಕಿ ಕೊಟ್ಟಿದ್ದರಂತೆ. ಇನ್ನೊಬ್ಬಳ ಮದುವೆಯ ಮಾತುಕತೆ ಇವರ ಲೈನಿನಲ್ಲೇ ಕುದುರಿತ್ತಂತೆ. ಮಾತು ಇವರೂ ಕೇಳಿಸಿಕೊಂಡಿದ್ದರು ಎಂಬ ಸಣ್ಣ ದೂರೂ ಅದರಲ್ಲಿತ್ತು. ಸೇನೆಯಿಂದ ನಿವೃತ್ತನಾದ ಒಬ್ಬ ಮಾತ್ರ, "ನಾನು ಹೇಳುದಿಲ್ಲೆ, ನಂದು ಹಂಗೇ ಇರ್ಲಿ" ಎಂದು ಲೋಟ ಕೆಳಗಿಟ್ಟು ಎದ್ದ. ಅಕ್ಕ ಅವನನ್ನು ಒತ್ತಾಯಿಸಲಿಲ್ಲ.

ಆ ದಿನದಿಂದ ಊರಿಗೊಂದು ಹೊಸ ತೊಂದರೆ ಬಂತು. ಢಂ ಎಂದರೆ ಸಾವೋ ಭೂಮಿಯೋ? ಸುಮ್ಮನೆ ಕೂತರೆ ಸಾವಿಗೆ ಹೋಗಲಿಲ್ಲ ಎಂಬ ಮಾತು, ಹೋದರೆ ಬದುಕಿದವರ ಮನೆಯ ಗೇಟಿನಲ್ಲಿ ಅತ್ತ ಪೇಚು. ಪರಿಹಾರ ಹೇಳಿದ್ದೂ ಅಕ್ಕನೇ. "ಗುಂಡಾದ್ರೆ ಬರೀ ಕಿವಿಗೆ ಬರ್ತದೆ. ಭೂಮಿಯಾದ್ರೆ ಕಾಲಿಗೂ ಬರ್ತದೆ. ಓಡುವ ಮೊದ್ಲು ಕಾಲನ್ನ ಒಂದು ಮಾತು ಕೇಳಿ." ಆಮೇಲೆ ಊರಲ್ಲಿ ಯಾರಿಗೆ ಯಾರೇ ಸಿಕ್ಕರೂ, ಕಾಲಿಗೆ ಬಂತೋ ಕಿವಿಗೆ ಬಂತೋ ಎಂದೇ ವಿಚಾರಿಸುವುದು ಅಭ್ಯಾಸವಾಯಿತು.

ನಡುಕವನ್ನು ಅಳೆಯುವ ಯಂತ್ರ ಇಡಲು ಭೂವಿಜ್ಞಾನಿಯೊಬ್ಬರು ಬಂದರು. ಎಳೆಯ ವಯಸ್ಸು, ಜಿಗಣೆಗೆ ಹೆದರಿ ಮೊಣಕಾಲಿನವರೆಗೆ ಸಾಕ್ಸು. ಅವರಿಗೆ ಊಟ ಅಕ್ಕನ ಮನೆಯಲ್ಲೇ. ಅಕ್ಕ ಬಡಿಸುತ್ತಾ, ಸದ್ದು ನನಗೆ ಎಲ್ಲರಿಗಿಂತ ಮುಂಚೆಯೇ ಕೇಳುತ್ತದೆ, ಎಕ್ಸ್‌ಚೇಂಜಿನ ಕಿವಿಯಲ್ಲವೇ ಎಂದು ಜಂಬ ಕೊಚ್ಚಿದರು. ವಿಜ್ಞಾನಿ ನಯವಾಗಿಯೇ ಅಲ್ಲ ಎಂದರು. ನಡುಕ ಹೆಚ್ಚು ಆಳದಲ್ಲಿಲ್ಲ, ಅದಕ್ಕೇ ಸದ್ದು ಇಷ್ಟು ಜೋರಾಗಿ ಕೇಳುತ್ತದೆ, ಸದ್ದೂ ನಡುಕವೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ, ನಿಮ್ಮ ಗಮನ ಬೇಗ ಹೋಗುತ್ತದೆ ಅಷ್ಟೆ ಎಂದು ಬಿಡಿಸಿ ಹೇಳಿದರು. ಹಳೆಯ ಮನೆಯ ತೊಲೆ ಆಗಾಗ ಲಟಕ್ ಅನ್ನುತ್ತದಲ್ಲ, ಹಾಗೆ ಕೆಳಗಿನ ಬಂಡೆಗಳು ತಮ್ಮೊಳಗಿನ ಬಿಗಿತವನ್ನು ಸಡಿಲ ಮಾಡಿಕೊಳ್ಳುತ್ತವೆ. ಇಷ್ಟು ಸಣ್ಣದಕ್ಕೆ ಗಟ್ಟಿ ಮನೆ ಬೀಳುವುದು ಅಪರೂಪ. ನೀವು ಮಳೆಯಲ್ಲಿ ಕಣ್ಣಿಡಬೇಕಾದ್ದು ಬೇರೆಯದಕ್ಕೆ, ಗುಡ್ಡದಲ್ಲಿ ಹೊಸ ಬಿರುಕು ಬಿಟ್ಟಿದೆಯೇ, ಮರಗಳು ವಾಲಿವೆಯೇ, ಒರತೆಯ ನೀರು ಕೆಂಪಾಗಿದೆಯೇ ಎಂದು ನೋಡಿ ಎಂದರು. ನಾನು ಅಷ್ಟರವರೆಗೆ ನೆಲದ ನಡುಕ, ಗುಡ್ಡದ ಕುಸಿತ ಎರಡನ್ನೂ ಒಂದೇ ಭಯವಾಗಿ ಇಟ್ಟುಕೊಂಡಿದ್ದೆ.

"ಹಂಗಾರೆ ದೊಡ್ಡದ್ ಬರುದಿಲ್ಲೆಯಾ?" ಅಕ್ಕ ಕೇಳಿದರು.

"ಗೊತ್ತಿಲ್ಲಮ್ಮ. ಯಾವಾಗ, ಎಲ್ಲಿ ಅಂತ ಮೊದಲೇ ಹೇಳೋಕೆ ಯಾರಿಗೂ ಆಗಲ್ಲ."

ಅಕ್ಕ ಅವರ ಎಲೆಗೆ ಇನ್ನೊಂದು ಕಡುಬು ಹಾಕಿದರು. ಅವರು ಹೋದ ಮೇಲೆ ಬಹಳ ದಿನ ಆ ಮಾತನ್ನು ಮೆಚ್ಚಿಕೊಂಡೇ ಇದ್ದರು. "ಅಷ್ಟ್ ಓದಿ, ನಾಕು ಜನರ ಮುಂದೆ ಗೊತ್ತಿಲ್ಲ ಅಂತ ಹೇಳಿದನಲ್ಲ. ನಂಬಿಕೆಗೆ ಯೋಗ್ಯ ಹುಡುಗ." ಆದರೆ ತಮ್ಮ ಕಿವಿಯ ಬಗ್ಗೆ ಹೇಳಿದ್ದನ್ನು ಕಡೆಯವರೆಗೂ ಒಪ್ಪಲಿಲ್ಲ.

ನನಗೋ, ಆ "ಗೊತ್ತಿಲ್ಲ" ಒಳಗೆ ಇಳಿದು ಕೂತುಬಿಟ್ಟಿತು. ವರ್ಗಾವಣೆ ಕೇಳಲೇಬೇಕೆಂದು ನಿರ್ಧರಿಸಿದೆ. ಹೇಳಲು ಜಗಲಿಗೆ ಹೋದೆ. ಮಳೆ ಬಿಟ್ಟಿತ್ತು. ಮಂಜು ಅಂಗಳದಲ್ಲಿ ನಿಧಾನವಾಗಿ ಸರಿಯುತ್ತಿತ್ತು. ಅವರು ಕಾಳುಮೆಣಸು ಆರಿಸುತ್ತಿದ್ದರು. ನನ್ನ ಮಾತನ್ನು ಪೂರ್ತಿ ಕೇಳಿ, ಅಂದು ತನ್ನದನ್ನು ಹೇಳದೆ ಎದ್ದುಹೋದ ಆ ಸೈನಿಕನ ಕತೆ ಹೇಳಿದರು.

ಅವನು ಎಲ್ಲೋ ಉತ್ತರದ ಗಡಿಯಲ್ಲಿದ್ದಾಗ ಅಪರೂಪಕ್ಕೆ ಟ್ರಂಕ್ ಕಾಲ್ ಮಾಡುತ್ತಿದ್ದನಂತೆ. ಅವನ ತಾಯಿಗೆ ಕಿವಿ ಮಂದ, ಲೈನೂ ಹಾಳು. ಇವರು ನಡುವೆ ಕೂತು ಅವನ ಮಾತನ್ನು ತಾಯಿಗೆ, ತಾಯಿಯ ಮಾತನ್ನು ಅವನಿಗೆ ಕೂಗಿ ದಾಟಿಸುತ್ತಿದ್ದರು. ಅವನದ್ದು ತುಂಡು ಮಾತು. ಚೆನ್ನಾಗಿದೀನಿ, ಇಡ್ತೀನಿ, ಇಷ್ಟೇ.

"ಅಷ್ಟಕ್ಕಾಗಿ ಆ ಅಮ್ಮ ಗುಡ್ಡ ಇಳ್ದ್ ಪೋಸ್ಟಾಫೀಸಿಗೆ ಬಂದ್ ಕಾದ್ ಕೂತಿರ್ತಿತ್ತಲ್ಲ ಟೀಚರೇ. ಅದಕ್ಕೆ ನಾನು ಸೇರ್ಸಿ ಹೇಳ್ತಿದ್ದೆ. 'ನಿನ್ನ ಕೈಯ ಕಡುಬು ನೆನಪಾಗ್ತದಂತೆ. ರಾತ್ರಿ ನಿನ್ನ ಕಂಡಂಗೆ ಆಗ್ತದಂತೆ.' ಅವ ರಜೆಲಿ ಬಂದಾಗ ಅಮ್ಮ ಅದನ್ನೆಲ್ಲ ಅವಂಗೇ ಹೇಳಿತು. ಅವ ಸಿಟ್ಟಲ್ಲಿ ಎಕ್ಸ್‌ಚೇಂಜಿಗೆ ಬಂದ. ನನ್ನ ಎದುರು ನಿಂತ. ಎಂತದೂ ಹೇಳ್ದೆ ಹೋದ."

ಆರಿಸಿದ ಮೆಣಸಿನ ಕಾಳನ್ನು ಡಬ್ಬಿಗೆ ಸುರಿದು ಮೊರವನ್ನು ಪಕ್ಕಕ್ಕಿಟ್ಟರು.

"ಮಗ್ಗುಲು ಬದಲ್ಸಿತಂತೆ ಅಂತ ನಿಮಗೆ ಹೇಳುದೂ ಹಂಗೇ. ಅದು ನಾನು ಸೇರ್ಸಿದ್ದ್. ಲೈನಲ್ಲಿ ಗುಡುಗುಡು ಬಿಟ್ರೆ ಬೇರೆ ಎಂತದೂ ಇಲ್ಲೆ."

ನನಗೆ ಅಳು ಬಂತು, ಸಿಟ್ಟೂ ಬಂತು. "ನಾನು ಅದನ್ನೇ ನಂಬ್ಕಂಡಿದ್ನಲ್ಲ ಅಕ್ಕ!"

"ನೀವು ನಂಬ್ತೀರಿ ಅಂತ ನಾನೂ ಕೂತಿರ್ತಿದ್ದೆ. ಇಲ್ಲದಿದ್ರೆ ನಿಮ್ಮಿಂದ ಮೊದ್ಲು ಅಂಗಳಕ್ಕೆ ಓಡುದು ನಾನು." ಬಲಗೈ ಮುಂದೆ ಚಾಚಿದರು. "ಈ ಕೈ ಕಿವಿ ಹತ್ರ ಯಾಕೆ ಇಡುದು ಅಂದ್ಕೊಂಡಿರಿ? ಸುಮ್ಮನೆ ಬಿಟ್ರೆ ನಡುಗ್ತದೆ. ಹೋಗಿಕೆ ಮನಸ್ಸಿದ್ರೆ ಹೋಗಿ ಟೀಚರೇ, ನಾನು ಬೇಡ ಹೇಳುದಿಲ್ಲೆ. ಹೆದ್ರಿಕೆ ಇಲ್ಲದವು ಈ ಊರಲ್ಲಿ ಉಟ್ಟು ಅಂತ ಮಾತ್ರ ಅಂದ್ಕೋಬೇಡಿ."

ಆ ವರ್ಷ ನಾನು ವರ್ಗ ಕೇಳಲಿಲ್ಲ. ಧೈರ್ಯ ಬಂದು ಅಲ್ಲ. ನನ್ನ ಹಾಗೆಯೇ ಹೆದರುವ ಇನ್ನೊಬ್ಬರು ಗೋಡೆಯ ಆಚೆ ಇದ್ದಾರೆ ಎಂದು ಗೊತ್ತಾದ ಮೇಲೆ ಹೆದರಿಕೆಗೆ ಒಂದು ಜೊತೆ ಸಿಕ್ಕಿತು. ಗಂಡನಿಗೆ, ಮುಂದಿನ ವರ್ಷ ನೋಡೋಣ ಅಂದೆ. ಅವರು ಫೋನ್ ಟಕ್ ಎಂದು ಇಟ್ಟರು.

ಅಕ್ಕ ಅದಾದ ಮೇಲೆ ಶಾಲೆಗೆ ಬರತೊಡಗಿದರು. ಮಕ್ಕಳಿಗೆ ನಡುಕದ ಪಾಠ. ಸದ್ದು ಬಂದರೆ ಕಿರುಚಬಾರದು, ನೂಕಬಾರದು, ಕಾಲಿಗೆ ಬಂತೋ ಕಿವಿಗೆ ಬಂತೋ ಆಮೇಲೆ ನೋಡುವ, ಮೊದಲು ಅಂಗಳದ ನಡುವೆ ಬಂದು ಕೂರಬೇಕು. ಹೆಂಚಿನ ಕೆಳಗೆ ಬೇಡ, ಗುಡ್ಡದ ಬದಿಗೆ ಬೇಡ. ಒಂದು ದಿನ ಎಲ್ಲ ಮಕ್ಕಳನ್ನೂ ತರಗತಿಯ ನೆಲದ ಮೇಲೆ ಮಲಗಿಸಿ, ಕಿವಿ ನೆಲಕ್ಕಿಡಿಸಿ, "ಈಗ ಲೈನ್ ಫ್ರೀ ಉಟ್ಟಾ ನೋಡಿ" ಅಂದರು. ತಾವೂ ಮಲಗಿದರು. ನನ್ನನ್ನೂ ಬಿಡಲಿಲ್ಲ. ಸಿಮೆಂಟಿನ ನೆಲ ಕಿವಿಗೆ ತಣ್ಣಗಿತ್ತು. ಹೊರಗೆ ಸೋನೆ. ಬಹಳ ಒಳಗಿನಿಂದ ಏನೋ ಕೇಳಿಸಿದಂತಾಯಿತು, ಅದು ನನ್ನದೇ ಎದೆಯ ಬಡಿತ. ಮಂಜು ಬಾಗಿಲಿನಿಂದ ಬಂದು ನಮ್ಮೆಲ್ಲರ ಮೇಲೆ ಹಾದುಹೋಯಿತು. ಎದ್ದು ನೋಡಿದರೆ ಅರ್ಧ ಮಕ್ಕಳು ಹಾಗೇ ನಿದ್ದೆಹೋಗಿದ್ದವು. ಅಕ್ಕನೂ ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಲು ಮನಸ್ಸಾಗದೆ ನಾನು ಗೋಡೆಗೊರಗಿ ಸುಮ್ಮನೆ ಕೂತೆ. ಅಷ್ಟು ನೆಮ್ಮದಿಯ ಮಧ್ಯಾಹ್ನ ನನ್ನ ನೌಕರಿಯಲ್ಲಿ ಇನ್ನೊಂದು ಬಂದಿಲ್ಲ.

ಮುಂದಿನ ವರ್ಷವೂ ಬಂತು. ಸದ್ದುಗಳು ಕಡಿಮೆಯಾದವು. ಅಕ್ಕನ ಕಾಲು ಊದಿಕೊಂಡು ಶಾಲೆಗೆ ಬರುವುದು ನಿಂತಿತು. ಬೆಳಿಗ್ಗೆ ನಾನು ಹೊರಡುವಾಗ ಜಗಲಿಯಲ್ಲಿ ಕೂತು, "ಇಡ್ಲಾ?" ಎಂದು ನನ್ನ ಊರಿನವರ ಹಾಗೆ ಅಣಕಿಸುತ್ತಿದ್ದರು. ನಾನು "ಇಡಿ" ಅನ್ನುತ್ತಿದ್ದೆ. ಕಾಫಿ ಹೂ ಬಿಟ್ಟ ಒಂದು ಬೆಳಿಗ್ಗೆಯೂ ಹಾಗೇ ಅಂದು ಹೊರಟಿದ್ದೆ.

ಮಗ್ಗಿ ಹೇಳಿಸುತ್ತಿದ್ದೆ. ಢಂ ಎಂದು ಒಂದು ಸದ್ದು ಬಂತು, ಹಿಂದೆಯೇ ಇನ್ನೊಂದು. ಮಕ್ಕಳು ಮಗ್ಗಿ ಅಲ್ಲಿಗೇ ನಿಲ್ಲಿಸಿದರು. ಯಾರೂ ಕಿರುಚಲಿಲ್ಲ, ಯಾರೂ ನೂಕಲಿಲ್ಲ. ಸಾಲಾಗಿ ನಡೆದು ಅಂಗಳದ ನಡುವೆ ಹೋಗಿ ಕೂತರು. ಎಷ್ಟು ಚೆನ್ನಾಗಿ ಕಲಿತಿದ್ದಾರೆ, ಸಂಜೆ ಹೋಗಿ ಅಕ್ಕನಿಗೆ ಹೇಳಬೇಕು ಎಂದುಕೊಂಡೆ. ಆಮೇಲೆ ಪಾಠದ ಮುಂದಿನ ಭಾಗವನ್ನು ಕೇಳಿದೆ.

"ಕಾಲಿಗೆ ಬಂತೋ, ಕಿವಿಗೆ ಬಂತೋ?"

ಮಕ್ಕಳು ತಮ್ಮ ಪಾದಗಳನ್ನು ನೋಡಿಕೊಂಡರು. ಒಬ್ಬಳು ಸಣ್ಣ ದನಿಯಲ್ಲಿ ಹೇಳಿದಳು, "ಕಿವಿಗೆ, ಟೀಚರ್."

ಸದ್ದು ಬಂದದ್ದು ನಮ್ಮ ಮನೆಯ ದಿಕ್ಕಿನಿಂದ. ನಾನು ಅಲ್ಲೇ ಕೂತು ಎರಡೂ ಅಂಗೈಗಳನ್ನು ನೆಲಕ್ಕೆ ಒತ್ತಿ ಹಿಡಿದೆ. ಒಂದೇ ಒಂದು ಸಲ ನಡುಗು ಎಂದು ಬೇಡಿಕೊಂಡೆ. ನೆಲ ಅಲುಗಲಿಲ್ಲ.